ಬ್ಲೇಡಕ್ಕ, ಅವರ ತಂಗಿ ಮತ್ತು ಸೆಕ್ರೆಟರಿಯ ಲಾನು

ಬ್ಲೇಡಕ್ಕನ ನಿಜವಾದ ಹೆಸರು ನಮ್ಮ ಬಡಾವಣೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹುಲ್ಲು ಕತ್ತರಿಸುವ ಮಷೀನಿನ ಬ್ಲೇಡು ಮೊಂಡಾದಾಗ ಮಾತ್ರ ನೆನಪಾಗುವ ಹೆಂಗಸು, ಅದಕ್ಕೇ ಬ್ಲೇಡಕ್ಕ. ಸುಮ್ಮನೆ ಕೊರೆಯುವವರನ್ನು ಬ್ಲೇಡು ಅನ್ನುವುದು ನಮ್ಮ ರೂಢಿ. ಆದರೆ ಇವರು ಕೊರೆಯುವ ಪೈಕಿಯವರಲ್ಲ. ಒಂದೇ ಮಾತಿಗೆ ಕತ್ತರಿಸಿ ಬದಿಗಿಟ್ಟು ತಮ್ಮ ಕೆಲಸಕ್ಕೆ ತಿರುಗುವವರು.

ಬಡಾವಣೆಯ ಕೊನೆಯ ಸಾಲಿನಲ್ಲಿ ಅವರ ಮನೆ, ಪಕ್ಕದಲ್ಲೇ ತಗಡಿನ ಶೆಡ್ಡು. ಅಪ್ಪ ಅಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರಂತೆ. ಆಮೇಲೆ ಸುತ್ತಲೂ ಮನೆಗಳೆದ್ದು, ಮನೆಗೊಂದು ಲಾನು, ಲಾನಿಗೊಂದು ಮಷೀನು ಅಂತಾದ ಮೇಲೆ ಸೈಕಲ್ ಬಿಟ್ಟು ಮಷೀನು ಹಿಡಿದರು. ಅಪ್ಪ ಹೋದಾಗ ಬ್ಲೇಡಕ್ಕನಿಗೆ ಇಪ್ಪತ್ತೆರಡು. ಅಪ್ಪನ ಏಪ್ರನ್ನನ್ನೇ ಎರಡು ಸುತ್ತು ಮಡಚಿ ಕಟ್ಟಿಕೊಂಡು ಕೆಲಸಕ್ಕೆ ನಿಂತವರು ಐವತ್ತಾರರಲ್ಲೂ ನಿಂತೇ ಇದ್ದರು. ಮದುವೆಗೆ ಇಬ್ಬರು ಕೇಳಿದ್ದರಂತೆ. "ಇಬ್ಬರಿಗೂ ಸ್ಪಾನರ್ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಿರಲಿಲ್ಲ" ಎಂದು ಒಮ್ಮೆ ನನಗೆ ಹೇಳಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಅವರಿಗೊಂದು ಅಭ್ಯಾಸವಿತ್ತು. ಯಾರು ಮಷೀನು ತಂದರೂ ಮೊದಲು ಅದನ್ನು ಬುಡಮೇಲು ಮಾಡಿ ಹೊಟ್ಟೆ ನೋಡುತ್ತಿದ್ದರು. ಅಲ್ಲಿ ಅಂಟಿಕೊಂಡ ಹುಲ್ಲು, ಕೆಸರು, ಕಡ್ಡಿಗಳನ್ನು ಚಪ್ಪಟೆ ಉಳಿಯಿಂದ ಕೆರೆದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಮಷೀನಿನ ಹೊಟ್ಟೆ ನೋಡಿದರೆ ಮನೆಯವರ ಬುದ್ಧಿ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ನಾನು ಮೊದಲ ಸಲ ನನ್ನ ಮಷೀನು ತಳ್ಳಿಕೊಂಡು ಹೋದಾಗ ಸೊಟ್ಟಗಾದ ಬ್ಲೇಡನ್ನು ನೋಡಿ, "ಹುಲ್ಲು ಕತ್ತರಿಸ್ತಿದ್ರಾ, ಕಲ್ಲು ಕತ್ತರಿಸ್ತಿದ್ರಾ?" ಎಂದರು.

"ಕಲ್ಲು ಕಾಣಿಸಲಿಲ್ಲ."

"ಏನು ಕೆಲಸ ನಿಮ್ಮದು?"

"ಪತ್ರಿಕೆಯಲ್ಲಿ ಕರಡು ತಿದ್ದೋದು. ತಪ್ಪು ಹುಡುಕೋ ಕೆಲಸ."

ಅವರು ಬ್ಲೇಡನ್ನೂ ನನ್ನನ್ನೂ ಒಂದು ಸಲ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ನಮ್ಮನ್ನು, ಅಂದರೆ ಲಾನು ಬೆಳೆಸುವವರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೇ. ಅನ್ನ ಕೊಡುವ ಕಸುಬನ್ನೇ ಇಷ್ಟು ಹೀನಾಯವಾಗಿ ಕಾಣುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. "ಹುಲ್ಲಿಗೆ ಬುದ್ಧಿ ಇಲ್ಲ, ಬೆಳೆಯುತ್ತೆ," ಎನ್ನುತ್ತಿದ್ದರು. "ಬುದ್ಧಿ ಇರೋರು ಅದಕ್ಕೆ ನೀರು ಹಾಕ್ತಾರೆ, ಗೊಬ್ಬರ ಹಾಕ್ತಾರೆ, ಆಮೇಲೆ ಯಾಕೆ ಬೆಳೆದೆ ಅಂತ ತಲೆ ಕತ್ತರಿಸ್ತಾರೆ. ವಾರವಾರ! ಹಸುಗೂ ಹುಲ್ಲು ಬೇಕು, ಆದರೆ ಅದು ತಿನ್ನುತ್ತೆ. ನೀವೇನು ಮಾಡ್ತೀರಿ? ಕತ್ತರಿಸಿ ಚೀಲಕ್ಕೆ ತುಂಬಿ ಕಸದವನಿಗೆ ಕೊಡ್ತೀರಿ."

ಎಲ್ಲರಿಗಿಂತ ಹೆಚ್ಚು ತಾತ್ಸಾರ ಅವರು ತೆಗೆದಿಟ್ಟಿದ್ದದ್ದು ಸೆಕ್ರೆಟರಿಗೆ. ಸೆಕ್ರೆಟರಿ ಎಂದರೆ ನಮ್ಮ ನಿವಾಸಿಗಳ ಸಂಘದ ಸೆಕ್ರೆಟರಿ. ಬ್ಲೇಡಕ್ಕನ ಸ್ವಂತ ತಂಗಿಯ ಗಂಡ. ಮೂವತ್ತು ವರ್ಷ ಕಚೇರಿಯೊಂದರಲ್ಲಿ ಕಡತಗಳ ಅಂಚು ಸರಿಮಾಡಿ ನಿವೃತ್ತರಾದವರು, ಈಗ ಬಡಾವಣೆಯ ಅಂಚು ಸರಿಮಾಡಲು ಹೊರಟಿದ್ದರು. ಅವರ ಜೇಬಿನಲ್ಲಿ ಸದಾ ಒಂದು ಸಣ್ಣ ಅಳತೆಪಟ್ಟಿ. ಯಾರದಾದರೂ ಗೇಟಿನ ಮುಂದೆ ಬಗ್ಗಿ ಹುಲ್ಲಿಗೆ ಪಟ್ಟಿ ಹಿಡಿದು, "ಎರಡು ಇಂಚು ದಾಟಿದೆಯಲ್ಲಾ" ಎಂದು ನಗುತ್ತಿದ್ದರು. ಆ ನಗು ನೋಡಿ ನಾವೆಲ್ಲ ಅದೇ ಸಂಜೆ ಮಷೀನು ಹೊರಗೆ ತೆಗೆಯುತ್ತಿದ್ದೆವು. ವರ್ಷಕ್ಕೊಮ್ಮೆ 'ಅತ್ಯುತ್ತಮ ಅಂಗಳ' ಬಹುಮಾನ ಇಟ್ಟವರು ಅವರೇ, ತೀರ್ಪುಗಾರರನ್ನು ಆರಿಸುವವರೂ ಅವರೇ, ನಾಲ್ಕು ವರ್ಷ ಗೆದ್ದವರೂ ಅವರೇ. ನಾವು ನಾಲ್ಕು ಸಲವೂ ಚಪ್ಪಾಳೆ ತಟ್ಟಿದೆವು.

ಅತ್ತಿಗೆಯ ಕೈಯ ಗ್ರೀಸು ಅವರಿಗೆ ನಾಚಿಕೆಯ ವಿಷಯ. ಹೊಸಬರ ಮುಂದೆ ಬ್ಲೇಡಕ್ಕ ಎದುರಾದರೆ, "ಇವರು ನಮ್ಮ ಮಷೀನು ನೋಡ್ಕೊಳ್ಳೋರು" ಎಂದು ಪರಿಚಯಿಸುತ್ತಿದ್ದರೇ ಹೊರತು ಹೆಂಡತಿಯ ಅಕ್ಕ ಎಂಬ ಮಾತು ಬಾಯಿಂದ ಬರುತ್ತಿರಲಿಲ್ಲ. ಆ 'ಮಷೀನು' ಮಾತ್ರ ತಿಂಗಳಿಗೆರಡು ಸಲ ಶೆಡ್ಡಿಗೆ ಬಂದು, ಸಾಣೆ ಹಿಡಿಸಿಕೊಂಡು, ನೆಂಟಸ್ತಿಕೆಯ ಲೆಕ್ಕದಲ್ಲಿ ಪುಕ್ಕಟೆಯಾಗಿ ಮನೆಗೆ ಹೋಗುತ್ತಿತ್ತು.

ಇನ್ನು ಅವರ ಲಾನು. ಅದು ನಿಜಕ್ಕೂ ಮಟ್ಟಸ ಹಸಿರು, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಹಾಗೆ ಇರಲು ಕಾರಣ ಸೆಕ್ರೆಟರಿಯಲ್ಲ, ಅವರ ಹೆಂಡತಿ. ಪ್ರತಿದಿನ ಬೆಳಗ್ಗೆ ಏಳರಿಂದ ಹತ್ತರವರೆಗೆ ಆಕೆ ಹಳೆಯ ತರಕಾರಿ ಚಾಕು ಹಿಡಿದು ಹುಲ್ಲಿನ ಮೇಲೆ ಮಂಡಿಯೂರಿ ಕಳೆ ಕೀಳುತ್ತಿದ್ದಳು. ಸೆಕ್ರೆಟರಿ ವರಾಂಡದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಉದ್ದನೆಯ ಕೋಲಿನಿಂದ ತೋರಿಸುತ್ತಿದ್ದರು. "ಅಲ್ಲಿ. ಅಲ್ಲಲ್ಲ, ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಅದೇ. ಬೇರು ಸಮೇತ ಬರಬೇಕು." ರಸ್ತೆಯಲ್ಲಿ ಹೋಗುವ ನಾವು "ಏನು ಸಾರ್, ಬೆಳಗ್ಗೆ ಬೆಳಗ್ಗೆ ಇಷ್ಟು ಶ್ರಮ!" ಎಂದು ಕೇಳುತ್ತಿದ್ದದ್ದು ಕುರ್ಚಿಯಲ್ಲಿ ಕೂತವರನ್ನು. ಅವರು "ಏನು ಮಾಡೋದು, ಹುಚ್ಚು" ಎನ್ನುತ್ತಿದ್ದರು.

ಬ್ಲೇಡಕ್ಕ ತಂಗಿಯ ಬಗ್ಗೆಯೂ ಮೃದುವಾಗಿರಲಿಲ್ಲ. "ಬೆನ್ನುಮೂಳೆ ಅನ್ನೋದನ್ನ ಅಪ್ಪ ನನಗೊಬ್ಬಳಿಗೇ ಕೊಟ್ಟು ಹೋದ," ಎಂದು ನನ್ನ ಮುಂದೆಯೇ ಅಂದಿದ್ದರು. "ಅವಳಿಗೆ ಕೊಟ್ಟಿದ್ದು ಬರೀ ಬಗ್ಗೋಕೆ ಒಂದು ಕೀಲು."

ಅದೇ ಸುಮಾರಿಗೆ ಶೆಡ್ಡಿಗೆ ಒಂದು ವಿಚಿತ್ರ ಮಷೀನು ಬಂತು. ಆಚೆ ರಸ್ತೆಯ ಮುದುಕಿಯೊಬ್ಬರದು. ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಒಬ್ಬರೇ ಇರುವವರು. ಮಷೀನಿನ ಮೇಲೆ ಮೂರು ವರ್ಷದ ಹಿಂದೆ ಬ್ಲೇಡಕ್ಕ ತಾವೇ ಅಂಟಿಸಿದ ಚೀಟಿ ಹಾಗೇ ಇತ್ತು. ಬ್ಲೇಡು ಇನ್ನೂ ಚೂಪು. ಹೊಟ್ಟೆಯಲ್ಲಿ ಒಣಗಿ ಅಂಟಿದ್ದ ಪದರವನ್ನು ಕೆರೆದರೆ ಹುಲ್ಲಿನ ನಡುವೆ ದುಂಡನೆಯ ಪುಟ್ಟ ಎಲೆಗಳು, ಮೂರು ಮೂರರ ಗೊಂಚಲು. ಮುದುಕಿ ಅಂಗಳವನ್ನು ಕಾಡು ಮಾಡಿಕೊಂಡಿದ್ದಾರೆ ಎಂದುಕೊಂಡು, ರಿಪೇರಿಯಾದ ಮಷೀನನ್ನು ತಾವೇ ತಳ್ಳಿಕೊಂಡು ಹೋದರು. ಕಾಡು ನೋಡಿ ಒಂದು ಮಾತು ಅಂದು ಬರುವ ಆಸೆಯೂ ಇತ್ತು.

ಕಾಡು ಇರಲಿಲ್ಲ. ಗೇಟಿನಿಂದ ಮೆಟ್ಟಿಲವರೆಗೆ ದಪ್ಪ ಕಂಬಳಿ ಹಾಸಿದಂತೆ ಹಸಿರು, ಅಲ್ಲಲ್ಲಿ ಬಿಳಿ ಗುಂಡು ಹೂವು, ಹೂವಿನ ಮೇಲೆ ಜೇನ್ನೊಣ. ಮುದುಕಿ ನೆರಳಲ್ಲಿ ಕುರ್ಚಿ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದರು.

"ಇದನ್ನ ಯಾರು ನೋಡ್ಕೋತಾರೆ?" ಬ್ಲೇಡಕ್ಕ ಕೇಳಿದರು.

"ಯಾರೂ ಇಲ್ಲ. ಅದೇ ನೋಡ್ಕೊಳ್ಳುತ್ತೆ."

"ಕತ್ತರಿಸೋದು?"

"ವರ್ಷಕ್ಕೆ ಎರಡು ಸಲವೋ ಮೂರು ಸಲವೋ, ಮನಸ್ಸು ಬಂದಾಗ." ಮುದುಕಿ ರೇಡಿಯೋ ಸಣ್ಣದು ಮಾಡಿದರು. "ನಲವತ್ತು ವರ್ಷ ಜನರ ಹಾಸಿಗೆ ಸರಿಮಾಡಿದೀನಮ್ಮ. ಇನ್ನು ನೆಲದ ಹಾಸಿಗೇನೂ ಸರಿಮಾಡ್ತಾ ಕೂರ್ಲಾ?"

ಮೂರೆಲೆಯದು ಕ್ಲೋವರ್ ಎಂದು ಅವರು ಹೇಳಿದರು. ಅಂಗೈಯಗಲ ಕಿತ್ತು ಬೇರು ತೋರಿಸಿದರು. ಬೇರಿನಲ್ಲಿ ಸಾಸಿವೆಗಿಂತ ಚಿಕ್ಕ ಗಂಟುಗಳು. ಆ ಗಂಟುಗಳೇ ಗಾಳಿಯಿಂದ ಗೊಬ್ಬರ ಹಿಡಿದು ಪಕ್ಕದ ಹುಲ್ಲಿಗೂ ಹಂಚುತ್ತವೆ, ಹಾಗಾಗಿ ಗೊಬ್ಬರದ ಚೀಲ ಹೊರುವುದು ತಪ್ಪುತ್ತದೆ. ಒಮ್ಮೆ ಬೇರು ಬಿಟ್ಟರೆ ನೀರೂ ಕಡಿಮೆ ಸಾಕು. ಆದರೆ ಬರೀ ಕ್ಲೋವರ್ ಆದರೆ ತುಳಿತ ತಡೆಯುವುದಿಲ್ಲ, ಓಡಾಡಿದ ಕಡೆ ಕೊಳೆಯುತ್ತದೆ. ಅದಕ್ಕೇ ಹುಲ್ಲಿನ ಜೊತೆ ಇರಬೇಕು. ಒಂದು ತಾಳಿಕೊಳ್ಳುತ್ತದೆ, ಇನ್ನೊಂದು ಉಣ್ಣಿಸುತ್ತದೆ. "ಔಷಧಿ ಮಾತ್ರ ಹೊಡೀಬಾರದು. ಕಳೆಗೆ ಹೊಡೆಯೋ ಔಷಧಿ ಮೊದಲು ಕೊಲ್ಲೋದೇ ಇದನ್ನ. ಹುಲ್ಲಿಗೇನೂ ಆಗಲ್ಲ, ಅದು ನಿಂತ್ಕೊಂಡು ನೋಡ್ತಿರುತ್ತೆ."

ಬ್ಲೇಡಕ್ಕನಿಗೆ ಅವಮಾನವಾದಂತಾಯಿತು. ಮೂವತ್ತನಾಲ್ಕು ವರ್ಷ ಬಡಾವಣೆಯ ಹುಲ್ಲನ್ನು ಕೆಳಗಿನಿಂದ ನೋಡಿದವರಿಗೆ ಈ ಸೋಮಾರಿ ಮುದುಕಿ ಪಾಠ ಹೇಳುವಂತಾಯಿತಲ್ಲ! ಆದರೂ ಮುದುಕಿ ಕೊಟ್ಟ ಬೀಜದ ಪೊಟ್ಟಣವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಂದರು.

ಅವರ ಸ್ವಂತ ಅಂಗಳದಲ್ಲಿ ಅದುವರೆಗೆ ಒಂದು ಎಳೆ ಹುಲ್ಲಿರಲಿಲ್ಲ. ಬರೀ ಗಟ್ಟಿ ಮಣ್ಣು, ಮಷೀನು ತೊಳೆದ ನೀರಿನ ಕಲೆ. ಹಗುರ ಮಳೆಯ ದಿನಗಳು ಬಂದಾಗ ಅದನ್ನು ಬೆರಳುದ್ದ ಕೆದಕಿದರು, ಎಣ್ಣೆ ಕುಡಿದ ಮಣ್ಣು ತೆಗೆದು ಹೊಸ ಮಣ್ಣು ಹಾಕಿದರು. ಹತ್ತು ಪಾಲು ಹುಲ್ಲಿನ ಬೀಜಕ್ಕೆ ಒಂದು ಪಾಲು ಕ್ಲೋವರ್. ಗಸಗಸೆಯಂಥ ಬೀಜ ಒಂದೇ ಕಡೆ ಬೀಳದಿರಲೆಂದು ಒಣಮರಳಿನಲ್ಲಿ ಬೆರೆಸಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎರಚಿದರು. ಮೇಲೆ ಹಲಗೆ ಹಾಸಿ ಅದರ ಮೇಲೆ ನಡೆದು ಒತ್ತಿದರು. ಮೂರು ವಾರ ಬೆಳಗ್ಗೆ ಸಂಜೆ ನೀರು ಚಿಮುಕಿಸಿದರು. ಆರನೆಯ ದಿನ ಮೊಳಕೆ ಕಂಡಾಗ ಯಾರಿಗೂ ಹೇಳಲಿಲ್ಲ. ಹೇಳುವಂಥವರು ಯಾರೂ ಇರಲಿಲ್ಲ ಎನ್ನುವುದೂ ನಿಜ. ಮೂರು ತಿಂಗಳಿಗೆ ಅಂಗಳ ತುಂಬಿಕೊಂಡಿತು. ಕೆಲಸ ಮುಗಿಸಿ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತುಕೊಂಡು ಟೀ ಕುಡಿಯುವುದನ್ನು ನಾನೇ ನೋಡಿದ್ದೇನೆ. ನನ್ನನ್ನು ಕಂಡ ತಕ್ಷಣ ಚಪ್ಪಲಿ ಮೆಟ್ಟಿಕೊಂಡರು.

ಸೆಕ್ರೆಟರಿಗೆ ಸುದ್ದಿ ಮುಟ್ಟಲು ಹೂವು ಬಿಡುವಷ್ಟೇ ತಡ. ಸಂಘದ ಮೊಹರು ಹೊತ್ತ ನೋಟೀಸು ಬಂತು: 'ಅಂಗಳದಲ್ಲಿ ಉದ್ದೇಶಪೂರ್ವಕವಾಗಿ ಕಳೆ ಬೆಳೆಸಿರುವ ಬಗ್ಗೆ.' ಬ್ಲೇಡಕ್ಕ ಅದರಲ್ಲಿ ಸ್ಪಾರ್ಕ್ ಪ್ಲಗ್ಗಿನ ಮಸಿ ಒರೆಸಿದರು. ಎರಡನೆಯ ನೋಟೀಸಿಗೆ ಸಭೆಗೆ ಬಂದರು.

ಸಭೆಯಲ್ಲಿ ಸೆಕ್ರೆಟರಿ ಅರ್ಧ ಗಂಟೆ ಮಾತಾಡಿದರು. ಶಿಸ್ತು ಅಂದರು, ಸೌಂದರ್ಯ ಅಂದರು, ಕಳೆ ಒಂದು ಅಂಗಳದಿಂದ ಇನ್ನೊಂದಕ್ಕೆ ಸಾಂಕ್ರಾಮಿಕದಂತೆ ಹಬ್ಬುತ್ತದೆ ಅಂದರು. ಬ್ಲೇಡಕ್ಕ ಎದ್ದು ನಿಂತರು.

"ಅದಕ್ಕೆ ನೀರು ಬೇಡ, ಗೊಬ್ಬರ ಬೇಡ, ವಾರವಾರ ಪೆಟ್ರೋಲ್ ಸುಡೋದು ಬೇಡ. ನಿಮ್ಮ ಕಾರ್ಪೆಟ್ಟಿಗೆ ಇದೆಲ್ಲ ಬೇಕು, ಜೊತೆಗೆ ನನ್ನ ತಂಗಿಯ ಮಂಡಿಯೂ ಬೇಕು. ಯಾವುದು ಕಳೆ ಅಂತ ನೀವೇ ಹೇಳಿ."

"ಮಷೀನು ರಿಪೇರಿ ಮಾಡೋರೇ ಮಷೀನು ಬೇಡ ಅಂತಿದಾರೆ, ಕೇಳಿ!" ಎಂದರು ಸೆಕ್ರೆಟರಿ. "ಹೋಟೆಲಿನವರು ಹಸಿವೇ ಕೆಟ್ಟದ್ದು ಅಂದ ಹಾಗಾಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ ಎಂದು ಈಗ ಕೇಳಿದರೆ, ಪಕ್ಕದವನು ನಕ್ಕ ಎಂಬುದಕ್ಕಿಂತ ದೊಡ್ಡ ಕಾರಣ ಸಿಗುವುದಿಲ್ಲ. ಹದಿನೈದು ದಿನದಲ್ಲಿ ಕಳೆ ತೆಗೆಯಬೇಕು, ಇಲ್ಲವಾದರೆ ಸಂಘವೇ ತೆಗೆಸುತ್ತದೆ ಎಂಬ ಠರಾವಿಗೆ ನಾವೆಲ್ಲ ಕೈ ಎತ್ತಿದೆವು. ಹಿಂದಿನ ಸಾಲಿನಲ್ಲಿ ಕೂತಿದ್ದ ತಂಗಿ ಮಾತ್ರ ತನ್ನ ಉಗುರಿನ ಮಣ್ಣು ನೋಡಿಕೊಳ್ಳುತ್ತಿದ್ದಳು. ಕೈ ಎತ್ತಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಬ್ಲೇಡಕ್ಕ ಅವಳನ್ನು ತಡೆದರು. "ನಿನಗೆ ಬಾಯಿ ಅನ್ನೋದಿಲ್ವಾ?"

"ಇದೆ ಅಕ್ಕ."

"ಯಾತಕ್ಕೆ ಇಟ್ಕೊಂಡಿದೀಯ? ಉಣ್ಣೋಕಾ?"

ತಂಗಿ ಸೆರಗಿನ ಅಂಚಿನಿಂದ ಮುಖ ಒರೆಸಿಕೊಂಡು ಗಂಡನ ಹಿಂದೆ ಹೋದಳು.

ಹದಿನಾರನೆಯ ದಿನ ಬ್ಲೇಡಕ್ಕ ಬೆಲ್ಟುಗಳನ್ನು ತರಲು ಪೇಟೆಗೆ ಹೋಗಿದ್ದರು. ಮಧ್ಯಾಹ್ನ ಮರಳಿ ಬಂದಾಗ ಅಂಗಳದಲ್ಲಿ ಕಟುವಾಸನೆ. ಸೆಕ್ರೆಟರಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದು ಹೋಗಿದ್ದರು. ನಾಲ್ಕು ದಿನದಲ್ಲಿ ಮೂರೆಲೆಗಳೆಲ್ಲ ತಿರುಚಿ, ಸುಟ್ಟ ಕಾಗದದ ಹಾಗೆ ಮುದುರಿದವು. ಹುಲ್ಲು ಮಾತ್ರ ನೆಟ್ಟಗೆ ನಿಂತಿತ್ತು. ಬ್ಲೇಡಕ್ಕ ಅತ್ತರೋ ಬಿಟ್ಟರೋ ನನಗೆ ತಿಳಿಯದು. ಆ ವಾರ ಶೆಡ್ಡಿಗೆ ಹೋದವರಿಗೆಲ್ಲ "ಮಷೀನು ಅಲ್ಲಿಡಿ" ಎನ್ನುವುದರ ಹೊರತು ಒಂದು ಮಾತೂ ಸಿಗಲಿಲ್ಲವಂತೆ. ಬೈಸಿಕೊಳ್ಳದೆ ಬಂದೆವಲ್ಲ ಎಂದು ಒಬ್ಬರು ಖುಷಿಪಟ್ಟರು. ನಮ್ಮ ಬಡಾವಣೆಯ ತಿಳಿವಳಿಕೆ ಅಷ್ಟರದು.

ಐದನೆಯ ದಿನ ತಂಗಿ ಶೆಡ್ಡಿಗೆ ಬಂದಳು. ಮುಂದಿನದೆಲ್ಲ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದು, ಎರಡೂ ತಾಳೆಯಾಗಿವೆ.

"ಔಷಧಿ ಕಲಸಿ ಕೊಟ್ಟಿದ್ದು ನಾನೇ," ಎಂದಳು ತಂಗಿ, ಬಂದವಳು ಕೂರದೆ. "ಪಂಪಿಗೆ ನೀರು ತುಂಬು ಅಂದ್ರು, ತುಂಬಿದೆ. ಯಾರ ಮನೆಗೆ ಅಂತ ಆಮೇಲೆ ಗೊತ್ತಾಯ್ತು."

"ಗೊತ್ತಾಗಿದ್ರೂ ತುಂಬ್ತಿದ್ದೆ," ಎಂದರು ಬ್ಲೇಡಕ್ಕ, ತಲೆ ಎತ್ತದೆ.

"ತುಂಬ್ತಿದ್ದೆನೋ ಏನೋ." ತಂಗಿ ಒಂದು ಹೆಜ್ಜೆ ಹತ್ತಿರ ಬಂದಳು. "ಅಕ್ಕ, ಆ ಬೀಜ ಇನ್ನೂ ಇದೆಯಾ?"

"ಯಾಕೆ, ಅದನ್ನೂ ಸುಡ್ಬೇಕಂತಾ?"

"ನಮ್ಮ ಲಾನಿಗೆ."

ಬ್ಲೇಡಕ್ಕ ಆಗ ತಲೆ ಎತ್ತಿದರು.

"ಇಪ್ಪತ್ತಾರು ವರ್ಷ ಆಯ್ತು ಆ ಹುಲ್ಲಿನ ಮೇಲೆ ಮಂಡಿಯೂರಿ," ಎಂದಳು ತಂಗಿ. "ದಿನಾ ಮೂರು ಗಂಟೆ. ಒಂದೊಂದು ಕಳೆ ಕಿತ್ತಾಗಲೂ ಅಲ್ಲೊಂದು ತೂತಾಗುತ್ತೆ. ಆ ತೂತಿಗೆ ಮೂರು ಬೀಜ ಹಾಕಿ ಮಣ್ಣು ಒತ್ತಿದ್ರೆ ಯಾರಿಗೆ ಕಾಣಿಸುತ್ತೆ? ಎಲ್ಲಿ ಹಾಕ್ಬೇಕು ಅಂತ ನಾನು ಹುಡುಕೋದೂ ಬೇಡ. ಅವರೇ ಕೋಲಿನಲ್ಲಿ ತೋರಿಸ್ತಾರೆ."

ಬ್ಲೇಡಕ್ಕ ನಗಲಿಲ್ಲ. ಎದ್ದು ಒಳಗೆ ಹೋಗಿ, ಉಳಿದಿದ್ದ ಬೀಜವನ್ನೆಲ್ಲ ಹಳೆಯ ಗ್ರೀಸ್ ಡಬ್ಬಿಗೆ ಸುರಿದು ತಂದುಕೊಟ್ಟರು. ತಂಗಿ ಹೋದ ಮೇಲೆ ಬಹಳ ಹೊತ್ತು ಕೆಲಸ ಓಡಲಿಲ್ಲವಂತೆ. "ಇಷ್ಟು ವರ್ಷ ಅವಳನ್ನ ಪಾಪದವಳು ಅಂತ ಬೈತಿದ್ದೆ. ಪಾಪದವಳು ನಾನು. ನನ್ನ ಸಿಟ್ಟೆಲ್ಲ ಬಾಯಲ್ಲೇ ಖರ್ಚಾಗ್ತಿತ್ತು" ಎಂದು ನನ್ನ ಬಳಿ ಅಂದದ್ದು ತೀರಾ ಈಚೆಗೆ.

ಒಂದೂವರೆ ತಿಂಗಳಲ್ಲಿ ಸೆಕ್ರೆಟರಿಯ ಕಣ್ಣಿಗೆ ಮೊದಲ ಮೂರೆಲೆ ಬಿತ್ತು. "ಅಲ್ಲಿ!" ಎಂದು ಕೋಲು ಚಾಚಿದರು. ತಂಗಿ ಕಿತ್ತಳು, ಮೂರು ಬೀಜ ಇಟ್ಟಳು. ಮರುದಿನ ನಾಲ್ಕು ಕಡೆ ಕಂಡವು. ವಾರದಲ್ಲಿ ಕೋಲು ಇಡೀ ಬೆಳಗ್ಗೆ ಗಾಳಿಯಲ್ಲೇ ಆಡತೊಡಗಿತು. ಸೆಕ್ರೆಟರಿ ಮೊದಲು ಗಾಳಿಯನ್ನು ಬೈದರು, ಆಮೇಲೆ ಹಕ್ಕಿಗಳನ್ನು. ಆಮೇಲೆ ಅತ್ತಿಗೆಯೇ ಬೀಜ ಎರಚುತ್ತಿದ್ದಾರೆಂದು ಅನುಮಾನಿಸಿ ಹಗಲೆಲ್ಲ ಗೇಟಿನ ಬಳಿ ಕುರ್ಚಿ ಹಾಕಿ ಕಾವಲು ಕೂತರು. ಬೆನ್ನ ಹಿಂದೆ ಹೆಂಡತಿ ಬಿತ್ತುತ್ತಿದ್ದಳು.

ಕೊನೆಗೆ ಔಷಧಿ ತಂದರು. ಅದಕ್ಕೂ ಪಂಪು ತುಂಬುವವಳು ಹೆಂಡತಿಯೇ. ಆಕೆ ಔಷಧಿಯನ್ನು ಬಾಟಲಿಯಲ್ಲೇ ಬಿಟ್ಟು ಪಾತ್ರೆ ತೊಳೆದ ಸೋಪಿನ ನೀರು ತುಂಬಿ ಕೊಟ್ಟಳು. ನೊರೆ ಬರುವುದನ್ನು ಕಂಡು ಸೆಕ್ರೆಟರಿ, "ಔಷಧಿ ಖಡಕ್ಕಾಗಿದೆ" ಎಂದರಂತೆ. ಮೂರು ಸಲ ಹೊಡೆದರು. ಮೂರು ಸಲವೂ ಕ್ಲೋವರ್ ಸ್ನಾನ ಮಾಡಿದ ಮಗುವಿನ ಹಾಗೆ ಮಿನುಗಿತು. ಔಷಧಿ ಮಾರಿದವರಿಗೆ ಎರಡು ಪುಟದ ದೂರು ಬರೆದರು. ಕಾಗುಣಿತ ತಿದ್ದಿಸಲು ನನ್ನ ಬಳಿಯೇ ತಂದಿದ್ದರು. ತಿದ್ದಿಕೊಟ್ಟೆ.

ಬಹುಮಾನದ ದಿನ ಹತ್ತಿರ ಬಂತು. ಆ ವರ್ಷ ಘನತೆಗಿರಲಿ ಎಂದು ಸೆಕ್ರೆಟರಿ ತೀರ್ಪಿಗೆ ಸರ್ಕಾರದ ತೋಟಗಾರಿಕೆ ಅಧಿಕಾರಿಯೊಬ್ಬರನ್ನು ಕರೆಸಿದ್ದರು. ಲಾನಿನಲ್ಲಿ ಮೂರೆಲೆ ಕಾಣುವ ಮೊದಲೇ ಕರೆದದ್ದು, ಈಗ ಬೇಡ ಅನ್ನುವಂತಿರಲಿಲ್ಲ. ಬಂದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಲಾನುಗಳನ್ನೆಲ್ಲ ಗೇಟಿನ ಹೊರಗಿನಿಂದಲೇ ನೋಡಿ ಮುಂದೆ ನಡೆದರು. ಸೆಕ್ರೆಟರಿ ಬೆವರುತ್ತಾ ಪಕ್ಕದಲ್ಲಿ ನಡೆಯುತ್ತಿದ್ದರು. ಅವರ ಮನೆ ಬಂದಾಗ ಕೈಯಲ್ಲಿದ್ದ ಛತ್ರಿಯನ್ನು ಬಿಚ್ಚಿ ಹೂವು ಮರೆಮಾಡಲು ನೋಡಿದರು. ಅಷ್ಟು ದೊಡ್ಡ ಅಂಗಳಕ್ಕೆ ಒಂದು ಛತ್ರಿ!

ಅಧಿಕಾರಿ ಗೇಟು ತೆಗೆದು ಒಳಗೆ ಹೋದರು. ಬಗ್ಗಿ ಎಲೆ ಸವರಿದರು. ಮಣ್ಣು ಚಿವುಟಿ ನೋಡಿದರು.

"ಇದು ನಿಮ್ಮದಾ ಸಾರ್?"

"ಅದು... ಮೇಡಂ, ಈ ಸಲ ಸ್ವಲ್ಪ..."

"ಹುಲ್ಲು, ಕ್ಲೋವರ್ ಎರಡೂ ಎಷ್ಟು ಹದವಾಗಿ ಬೆರೆತಿದೆ! ಒಂದೊಂದೇ ಬೀಜ ಕೈಯಾರೆ ಇಟ್ಟ ಹಾಗಿದೆ. ನೀರು ಕಡಿಮೆ, ಖರ್ಚು ಕಡಿಮೆ, ಮಣ್ಣಿಗೂ ಒಳ್ಳೇದು. ನಾವು ಹೋದಲ್ಲೆಲ್ಲ ಇದನ್ನೇ ಹೇಳೋದು, ಯಾರೂ ಕೇಳಲ್ಲ. ತುಂಬಾ ಮುಂದಾಲೋಚನೆ ನಿಮ್ಮದು."

ಸೆಕ್ರೆಟರಿಯ ಬಾಯಿ ಕ್ಷಮೆ ಕೇಳಲು ತೆರೆದುಕೊಂಡಿತ್ತು. ಅದು ಮುಚ್ಚಿ ಇನ್ನೊಮ್ಮೆ ತೆರೆಯಲು ತೆಗೆದುಕೊಂಡ ಹೊತ್ತನ್ನು ನಾನು ಹತ್ತಿರದಿಂದ ನೋಡಿದೆ. ಮನುಷ್ಯ ಅಷ್ಟು ಬೇಗ ಬದಲಾಗಬಲ್ಲ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಹೌದು ಮೇಡಂ," ಎಂದರು, ಛತ್ರಿ ಮಡಚುತ್ತಾ. "ಬಹಳ ದಿನದಿಂದ ಪ್ರಯೋಗ ಮಾಡ್ತಾ ಬಂದೆ. ಜನ ನಕ್ಕರು. ನಾನು ಬಿಡಲಿಲ್ಲ."

ತಂಗಿ ವರಾಂಡದಲ್ಲಿ ಅಧಿಕಾರಿಗೆ ನೀರಿನ ಲೋಟ ಹಿಡಿದು ನಿಂತಿದ್ದಳು. ಲೋಟ ಅಲುಗಲಿಲ್ಲ.

ಐದನೆಯ ಬಹುಮಾನವನ್ನೂ ಸೆಕ್ರೆಟರಿಯೇ ತೆಗೆದುಕೊಂಡರು, ನಾವು ಐದನೆಯ ಸಲವೂ ಚಪ್ಪಾಳೆ ತಟ್ಟಿದೆವು. ಮುಂದಿನ ವಾರವೇ ಸಂಘದ ಸುತ್ತೋಲೆ ಬಂತು: 'ಪರಿಸರಸ್ನೇಹಿ ಅಂಗಳ, ನಮ್ಮೆಲ್ಲರ ಹೊಣೆ.' ಔಷಧಿ ಹೊಡೆಯುವುದು ತಪ್ಪು ಎಂಬುದು ಅದರ ಮೂರನೆಯ ಅಂಶ. ಕೆಳಗೆ ಅದೇ ಮೊಹರು, ಅದೇ ಸಹಿ. ಅಕ್ಕಪಕ್ಕದ ಬಡಾವಣೆಯವರು ಅವರನ್ನು ಭಾಷಣಕ್ಕೆ ಕರೆದರು. ಅವರು ಬೇರುಗಂಟಿನ ಬಗ್ಗೆ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಎಂದೂ ಒಂದು ಬೇರು ಕಿತ್ತು ನೋಡಿದವರಲ್ಲ.

ಬ್ಲೇಡಕ್ಕ ಸುತ್ತೋಲೆ ಓದಿ ಕೆಂಡವಾದರು. ಏಪ್ರನ್ ಬಿಚ್ಚದೆಯೇ ಸಂಘದ ಕಚೇರಿಗೆ ಹೊರಟಿದ್ದರು. ದಾರಿಯಲ್ಲಿ ತಂಗಿ ಎದುರಾಗಿ ತೋಳು ಹಿಡಿದಳು.

"ಎಲ್ಲಿಗೆ?"

"ಅವನ ಮುಖವಾಡ ಕಿತ್ತು ಬಿಸಾಡೋಕೆ. ಸೋಪಿನ ನೀರಿನ ಕತೆ ಎಲ್ಲರ ಮುಂದೆ ಹೇಳ್ತೀನಿ."

"ಹೇಳಿದ್ರೆ ಮತ್ತೆ ಕಾರ್ಪೆಟ್ ಹುಲ್ಲು ಹಾಕಿಸ್ತಾರೆ, ಹಟಕ್ಕೆ. ಮತ್ತೆ ನನ್ನ ಮಂಡಿ ಅಲ್ಲಿಗೇ." ತಂಗಿ ತೋಳು ಬಿಡಲಿಲ್ಲ. "ಬಿಡು ಅಕ್ಕ. ಅವರಿಗೆ ಹೆಸರು ಬೇಕಿತ್ತು. ನನಗೆ ನನ್ನ ಬೆಳಗ್ಗೆ ಬೇಕಿತ್ತು. ಇಬ್ಬರಿಗೂ ಸಿಕ್ತಲ್ಲ."

ಬ್ಲೇಡಕ್ಕ ರಸ್ತೆಯ ಮಧ್ಯದಲ್ಲೇ ನಿಂತು ತಂಗಿಯನ್ನು ನೋಡಿದರು. ಆಮೇಲೆ ಇಬ್ಬರೂ ಶೆಡ್ಡಿನ ಕಡೆ ತಿರುಗಿದರು.

ಸುತ್ತೋಲೆಯ ಪರಿಣಾಮ ಬ್ಲೇಡಕ್ಕನ ಕಸುಬಿಗೂ ತಟ್ಟಿತು. ಆರೇ ತಿಂಗಳ ಹಿಂದೆ ಕಳೆ ಎಂದು ಕೈ ಎತ್ತಿದ್ದ ನಾವೆಲ್ಲ ಮರಳಿನಲ್ಲಿ ಬೀಜ ಬೆರೆಸಿ ಎರಚಿದೆವು. ಹೇಗೆ ಎರಚಬೇಕು ಎಂದು ಕೇಳಲು ಹೋದದ್ದೂ ಅವರ ಹತ್ತಿರವೇ. ಅವರು ಹೇಳಿಕೊಟ್ಟರು, ಒಬ್ಬೊಬ್ಬರಿಗೂ ತಕ್ಕ ಬೈಗುಳದ ಜೊತೆ. ವರ್ಷದೊಳಗೆ ಮಷೀನುಗಳು ಬರುವುದು ನಿಂತೇಹೋಯಿತು. ಬ್ಲೇಡಕ್ಕ ಒಂದು ವಾರ ಶೆಡ್ಡಿನಲ್ಲಿ ಖಾಲಿ ಕೈಯಲ್ಲಿ ಕೂತರು, ಎರಡನೆಯ ವಾರ ಹೊಲಿಗೆ ಯಂತ್ರ, ನೀರಿನ ಪಂಪು, ಫ್ಯಾನು ಎಂದು ಹೊಸ ಬೋರ್ಡು ಬರೆಸಿದರು. ಹೊಲಿಗೆ ಯಂತ್ರದ ಒಳಗಿನ ಸಣ್ಣ ಸ್ಪ್ರಿಂಗುಗಳಿಗೆ ಅವರ ದಪ್ಪ ಬೆರಳು ಒಗ್ಗಲಿಲ್ಲ. ಬೆಳಗ್ಗೆ ಏಳಕ್ಕೆ ಬರಲು ಶುರುಮಾಡಿದ್ದ ತಂಗಿಯ ಬೆರಳು ಒಗ್ಗಿತು. ಗಸಗಸೆಯಂಥ ಬೀಜವನ್ನು ಮೂರು ಮೂರಾಗಿ ಎಣಿಸಿ ಇಟ್ಟ ಬೆರಳು ಅದು.

ಮೊದಮೊದಲು ಸೆಕ್ರೆಟರಿ ತಕರಾರು ತೆಗೆದರಂತೆ, ಮನೆಯ ಮರ್ಯಾದೆ, ಜನ ಏನಂದಾರು ಎಂದೆಲ್ಲ. "ನಿಮ್ಮ ಭಾಷಣದಲ್ಲಿ ಇದನ್ನೂ ಸೇರಿಸಿಕೊಳ್ಳಿ, ಹೆಂಡತಿಗೆ ಬಿಡುವು ಸಿಗುತ್ತೆ ಅಂತ" ಎಂದಳಂತೆ ತಂಗಿ. ಅವರು ಸೇರಿಸಿಕೊಂಡರು. ಈಗ ಪ್ರತಿ ಭಾಷಣದಲ್ಲೂ ಆ ಸಾಲಿಗೆ ಚಪ್ಪಾಳೆ ಬೀಳುತ್ತದೆ.

ಇದನ್ನೆಲ್ಲ ಹೀಗೆ ಬರೆದರೆ ಗುಟ್ಟು ರಟ್ಟಾಗುವುದಿಲ್ಲವೇ ಎಂದು ನಾನು ಅಕ್ಕತಂಗಿಯರನ್ನು ಕೇಳಿದೆ. ಬ್ಲೇಡಕ್ಕ ಪಂಪೊಂದರ ನಟ್ಟು ಬಿಗಿಯತೊಡಗಿದರು.

"ಬರೀರಿ," ಎಂದಳು ತಂಗಿ, ಕನ್ನಡಕದ ಮೇಲಿನಿಂದ ನೋಡುತ್ತಾ. "ಅವರು ತಮ್ಮ ಹೆಸರಿಲ್ಲದ ಕಾಗದ ಓದೋದಿಲ್ಲ."

ಕಳೆದ ವಾರ ನಾನು ಫ್ಯಾನು ತೆಗೆದುಕೊಂಡು ಹೋಗಿದ್ದಾಗ ಇಬ್ಬರಿಗೂ ಜಗಳ ನಡೆದಿತ್ತು. ಯಾವುದೋ ಪಂಪಿನ ವಾಷರ್ ಬದಲಾಯಿಸಬೇಕೋ ಬೇಡವೋ ಎಂದು. ಬ್ಲೇಡಕ್ಕ ಬೇಕು ಅನ್ನುತ್ತಿದ್ದರು, ತಂಗಿ ಇನ್ನೂ ಒಂದು ವರ್ಷ ಬರುತ್ತೆ ಅನ್ನುತ್ತಿದ್ದಳು. ಇಬ್ಬರ ದನಿಯೂ ಜೋರಾಗಿತ್ತು. ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ಫ್ಯಾನಿಗೆ ಏನಾಗಿದೆ?" ಬ್ಲೇಡಕ್ಕ ಜಗಳದ ನಡುವೆಯೇ ಕೇಳಿದರು.

"ಗೊತ್ತಿಲ್ಲ. ಸುಮ್ಮನೆ ನಿಂತುಹೋಯ್ತು."

"ಅಲ್ಲಿಡಿ. ಬಿಚ್ಚೋಕೆ ಹೋಗಿಲ್ಲ ತಾನೇ?"

ಇಲ್ಲ ಎಂದೆ. ತಂಗಿ ಫ್ಯಾನನ್ನು ಬುಡಮೇಲು ಮಾಡಿದಳು. ಮನೆಯಲ್ಲಿ ಬಿಚ್ಚಿ ಮತ್ತೆ ಹಾಕುವಾಗ ನಾನು ಬಿಟ್ಟಿದ್ದ ಎರಡು ಸ್ಕ್ರೂಗಳ ಜಾಗ ಖಾಲಿ ಕಾಣುತ್ತಿತ್ತು. ಇಬ್ಬರೂ ಜಗಳ ನಿಲ್ಲಿಸಿ ಒಟ್ಟಿಗೆ ನನ್ನ ಮುಖ ನೋಡಿದರು.